ಕಣ್ಣು ಮುಚ್ಚಿರಿ

ಸೋಲಾಪುರ, ಹೊಟಗಿ ರಸ್ತೆಯ ದವಾಖಾನೆ,
ಎರಡನೇ ಮಹಡಿ, ಕಿಟಕಿಗೆ ಕಪ್ಪು ಪರದೆ.
ಇಪ್ಪತ್ತೇಳು ವರ್ಷದಿಂದ ನಾನು ಆಡುತ್ತಿರುವುದು ಎರಡೇ ಮಾತು:
ಕಣ್ಣು ಮುಚ್ಚಿರಿ. ಕಣ್ಣು ತೆರೆಯಿರಿ.
ಕನ್ನಡದಲ್ಲಿ, ಮರಾಠಿಯಲ್ಲಿ,
ಬೀಡಿ ಕಟ್ಟುವ ಹೆಂಗಸರಿಗೆ ತೆಲುಗಿನಲ್ಲಿ,
ಕಿವಿ ಹೋದವರಿಗೆ ಬರೀ ಕೈಸನ್ನೆಯಲ್ಲಿ.
ನಡುವೆ ಮೂರನೆಯದೊಂದು, ಇದುವರೆಗೆ ಯಾರೂ ಪಾಲಿಸದ್ದು:
ಏನೂ ವಿಚಾರ ಮಾಡಬ್ಯಾಡ್ರಿ.

ಇಪ್ಪತ್ತೊಂದು ತಂತಿ. ತುದಿಗೊಂದು ಕಡಲೆಯಷ್ಟು ಅಂಟು.
ಕೂದಲು ಸೀಳಿ ಬೈತಲೆ ತೆಗೆಯುತ್ತ ಹೋದರೆ
ಎಣ್ಣೆ ಸಿಗುತ್ತದೆ, ಮೆಹಂದಿ, ಹತ್ತಿಯ ನವಿರು ಧೂಳು,
ಯಾರೂ ಕೇಳದ ಹಳೆಯ ಹೊಲಿಗೆ.

ಜತ್ತ ಕಡೆಯ ಕುರಿಗಾರರ ಹುಡುಗ ಮಲಕಾರಿ, ಏಳು ವರ್ಷ.
ಕಣ್ಣು ಮುಚ್ಚಿದ ಕೂಡಲೇ ತಲೆಯ ಹಿಂಬದಿಯಿಂದ
ದೊಡ್ಡ ದೊಡ್ಡ ಅಲೆ, ಸೆಕೆಂಡಿಗೆ ಎಂಟು, ಎಂಟೂವರೆ,
ಸಡಿಲ ನೇಯ್ದ ಕಂಬಳಿಯ ಹಾಗೆ.
ಇಪ್ಪತ್ತಕ್ಕೆ ಅದೇ ಹತ್ತಾಗುತ್ತದೆ, ಹತ್ತೂವರೆ. ಬಿಗಿಯಾದ ಹಾಸು.
ಆಮೇಲೆ ಸದ್ದಿಲ್ಲದೆ ಸಡಿಲು.
ಅದೇ ದಿನ ಮಧ್ಯಾಹ್ನ ಗುರುಲಿಂಗಪ್ಪ, ಎಪ್ಪತ್ತೆಂಟು. ಎಣಿಸಿದೆ:
ಎಂಟೂವರೆ.
ಹುಡುಗ ಏರುತ್ತ, ಮುದುಕ ಇಳಿಯುತ್ತ,
ಒಂದೇ ಮೆಟ್ಟಿಲ ಮೇಲೆ ಎದುರಾದರು.
ಹೊರಗೆ ಬೆಂಚಿನ ಮೇಲೆ ಒಬ್ಬರಿಗೊಬ್ಬರು ನೋಡಲೂ ಇಲ್ಲ.

ಪುಣೆಯಿಂದ ಒಬ್ಬ ಹುಡುಗ ಬಂದಿದ್ದ, ಸಂಶೋಧನೆಗೆ.
ನನ್ನ ಹಳೆಯ ಕಡತಗಳನ್ನು ಎರಡು ರಾಶಿ ಮಾಡಿದ:
ಹೆಣ್ಣು. ಗಂಡು.
ಹೆಣ್ಣಿನ ಗೆರೆ ಸರಾಸರಿ ತುಸು ಎತ್ತರ, ಎಂದ.
ಯಾಕಪಾ, ಎಂದೆ.
ಬುರುಡೆ ತೆಳು ಇರಬಹುದು, ಹಾರ್ಮೋನು ಇರಬಹುದು,
ಮತ್ತೇನೋ ಇರಬಹುದು. ಗೊತ್ತಿಲ್ಲ ಬಾಯಿ.
ಆ ಗೊತ್ತಿಲ್ಲ ಕೇಳಿ ಅವನಿಗೊಂದು ಚಹಾ ತರಿಸಿದೆ.

ಹೇಳದೆ ಉಳಿಸಿಕೊಂಡದ್ದು ಇಷ್ಟು:
ರಾಜವ್ವ ಗಜ್ಜಂ ಕಣ್ಣು ಮುಚ್ಚಿ ಮಲಗಿದಾಗಲೂ
ಹೆಬ್ಬೆಟ್ಟು ತೋರುಬೆರಳನ್ನು ಉಜ್ಜುತ್ತಿತ್ತು,
ಎಲೆಯಿಲ್ಲದೆ, ತಂಬಾಕಿಲ್ಲದೆ, ಬೀಡಿಯ ಮೇಲೆ ಬೀಡಿ.
ಗೆರೆಯ ತುಂಬ ಸ್ನಾಯುವಿನ ಗಜಿಬಿಜಿ.
ಕೈ ಸುಮ್ಮನಿರಲಿ ಅಂದರೆ
ಸುಮ್ಮನೇ ಇದೆಯಲ್ಲ, ಎಂದಳು. ಸುಳ್ಳಲ್ಲ, ಅವಳಿಗೆ ಅದೇ ಸುಮ್ಮನೆ.
ಮಗ್ಗದ ಇಸ್ಮಾಯಿಲನೂ ಹಾಗೇ,
ಹರಿದ ಎಳೆಯ ಸದ್ದಿಗೆ ಅವನ ಹುಬ್ಬು ಕಾಯುತ್ತಿತ್ತು.
ಯಾವ ರಾಶಿಗೆ ಹಾಕಲಿ ಇದನ್ನು?
ಹೆಸರು ಮುಚ್ಚಿ ಗೆರೆ ಕೊಡಿ, ವಯಸ್ಸು ಹೇಳುತ್ತೇನೆ,
ಹತ್ತು ವರ್ಷ ಹಿಂದುಮುಂದು.
ಹೆಣ್ಣೋ ಗಂಡೋ ಕೇಳಬೇಡಿ.
ನಾಣ್ಯ ಚಿಮ್ಮಿದರೂ ಅಷ್ಟೇ ಸಲ ಗೆಲ್ಲುತ್ತೇನೆ.

ಅಶೋಕ ಚೌಕದ ಹಿಂದೆ ನಮ್ಮ ಮನೆ,
ಗೋಡೆಯಾಚೆ ಇಪ್ಪತ್ತನಾಲ್ಕು ಮಗ್ಗ, ರಾತ್ರಿಯಿಡೀ.
ಆ ಸದ್ದಿನಲ್ಲಿ ಓಣಿಯ ಕೂಸುಗಳೆಲ್ಲ ನಿದ್ದೆ ಹೋಗುತ್ತಿದ್ದವು.
ಕರೆಂಟು ಹೋಯಿತೋ, ಎಲ್ಲವೂ ಒಮ್ಮೆಗೇ ಎದ್ದು ಅಳು.
ವಿಶ್ರಾಂತಿ ಎಂದರೇನೆಂದು ಕೇಳಿದವರಿಗೆ
ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

ಮೊನ್ನೆ ಕೆಲಸ ಕಲಿಯಲು ಬಂದ ಜರೀನಾ ನನಗೇ ತಂತಿ ಹಚ್ಚಿದಳು.
ಕಣ್ಣು ಮುಚ್ಚಿರಿ ಬಾಯಿ.
ಎಷ್ಟು ಚಂದ ಹೇಳಿದಳು, ಮುಚ್ಚಿದೆ.
ಒಂಬತ್ತೂಕಾಲು.

ಕಪಾಟಿನ ತಳದಲ್ಲಿ ಇನ್ನೊಂದು ಇತ್ತು, ಮಡಚಿದ ಕಾಗದ,
ನಾನು ಕೆಲಸ ಕಲಿಯುವಾಗ ದೇಶಮುಖ ಮಾಸ್ತರರು ತೆಗೆದದ್ದು,
ಇಪ್ಪತ್ತನಾಲ್ಕರ ನಾನು.
ಅಡಿಪಟ್ಟಿ ಇಟ್ಟು ಎಣಿಸಿದೆ: ಹತ್ತೂವರೆ.
ಅದಕ್ಕೇನೂ ಬೇಸರವಿಲ್ಲ, ಲೆಕ್ಕ ಸರಿಯಾಗಿದೆ.
ಆದರೆ ನಾಲ್ಕನೇ ನಿಮಿಷದಲ್ಲಿ
ಅಷ್ಟೂ ಗೆರೆಗಳು ಒಟ್ಟಿಗೆ ಕುಣಿದು ಚೆಲ್ಲಾಪಿಲ್ಲಿ,
ಪಕ್ಕದಲ್ಲಿ ಪೆನ್ಸಿಲು, ಮರಾಠಿಯಲ್ಲಿ ಒಂದೇ ಶಬ್ದ:
ನಕ್ಕಳು.

ಕಣ್ಣು ಮುಚ್ಚಿದ್ದೆ, ಕೋಣೆ ಕತ್ತಲು, ಯಾರೂ ಏನೂ ಹೇಳಿರಲಿಲ್ಲ.
ಯಾತಕ್ಕೆ ನಕ್ಕೆ?
ಬಸ್ಸಿನಲ್ಲಿ, ಒಲೆಯ ಮುಂದೆ, ಮೂರು ದಿನದಿಂದ
ವಿಚಾರ ಮಾಡುತ್ತಲೇ ಇದ್ದೇನೆ.